ಬೆಂಗಳೂರಿನಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಎಷ್ಟು ದೂರ, ಎಷ್ಟು ಗಂಟೆ? ಲೆಕ್ಕ ತಪ್ಪದಂತೆ ಹಾಕುವ ಹಂತ ಹಂತದ ಮಾರ್ಗದರ್ಶಿ

ಬೆಂಗಳೂರಿನಿಂದ ಮಧ್ಯಾಹ್ನ 2ಕ್ಕೆ ಹೊರಟ ವಿಮಾನ ಅದೇ ದಿನ ಸಂಜೆ 5:30ಕ್ಕೆ ಸ್ಯಾನ್ ಫ್ರಾನ್ಸಿಸ್ಕೋ ತಲುಪುತ್ತದೆ ಎಂದು ಟಿಕೆಟ್‌ನಲ್ಲಿ ಇದ್ದರೆ, ಪಯಣ ಮೂರೂವರೆ ಗಂಟೆಯದ್ದೇ? ಅಲ್ಲ ಅಂತ ಎಲ್ಲರಿಗೂ ಗೊತ್ತು. ಬರುವಾಗ 10ನೇ ತಾರೀಖು ರಾತ್ರಿ 8:30ಕ್ಕೆ ಹೊರಟು 12ನೇ ತಾರೀಖು ನಸುಕಿನ 2:30ಕ್ಕೆ ಇಳಿದರೆ ಮೂವತ್ತು ಗಂಟೆಯೇ? ಅದೂ ಅಲ್ಲ. ಆದರೆ ಹಾಗಾದರೆ ನಿಜವಾಗಿ ಎಷ್ಟು ಅಂತ ಕೇಳಿದರೆ ಹೆಚ್ಚಿನವರು ತಡವರಿಸುತ್ತಾರೆ. ಒಬ್ಬರು ದೂರವನ್ನು 900ರಿಂದ ಭಾಗಿಸಿ ಹದಿನೈದೂವರೆ ಅನ್ನುತ್ತಾರೆ. ಇನ್ನೊಬ್ಬರು ಮನೆ ಬಿಟ್ಟ ಹೊತ್ತಿನಿಂದ ಎಣಿಸಿ ಇಪ್ಪತ್ತೆರಡು ಅನ್ನುತ್ತಾರೆ. ಇದರ ನಡುವೆ ಮೊದಲ ಸಲ ಹೊರಟ ಅಪ್ಪ ಅಮ್ಮನಿಗೆ ಗೊಂದಲ. ಅಲ್ಲಿ ಕರೆದುಕೊಂಡು ಹೋಗಲು ಬರುವ ಮಕ್ಕಳಿಗೂ ಗೊಂದಲ.

ತಪ್ಪಾಗುವುದು ಲೆಕ್ಕ ಕಷ್ಟ ಅಂತಲ್ಲ, ಕ್ರಮ ತಪ್ಪುವುದರಿಂದ. ಮೊದಲು ದೂರ, ಆಮೇಲೆ ದಾರಿ, ಆಮೇಲೆ ಗಾಳಿ, ಆಮೇಲೆ ಗಡಿಯಾರ, ಕೊನೆಗೆ ಮನೆಯಿಂದ ಮನೆಗೆ. ಈ ಐದನ್ನೂ ಒಟ್ಟಿಗೆ ಕಲಸಿದರೆ ಉತ್ತರ ಸರಿ ಬರುವುದಿಲ್ಲ. ಇಲ್ಲಿ ಬೆಂಗಳೂರು–ಸ್ಯಾನ್ ಫ್ರಾನ್ಸಿಸ್ಕೋ ಲೆಕ್ಕವನ್ನು ಪೂರ್ತಿ ಮಾಡಿ ತೋರಿಸಿದ್ದೇನೆ. ಬೇರೆ ಊರುಗಳಿಗೂ ಇದೇ ಕ್ರಮ ನಡೆಯುತ್ತದೆ.

ಮೊದಲು ಇವಿಷ್ಟು ಕೈಯಲ್ಲಿರಲಿ

ಫೋನಿನ ಕ್ಯಾಲ್ಕುಲೇಟರ್ ಸಾಕು. ಅದನ್ನು ಅಡ್ಡ ಹಿಡಿದರೆ ಹಲವು ಫೋನ್‌ಗಳಲ್ಲಿ ಸೈನ್, ಕಾಸ್ ಬಟನ್‌ಗಳು ಕಾಣುತ್ತವೆ. ಗೂಗಲ್ ಅರ್ತ್ ಅಥವಾ ಗೂಗಲ್ ಮ್ಯಾಪ್ಸ್ ಇರಲಿ. ಈ ವಾರ ವಿಮಾನ ನಿಜವಾಗಿ ಎಷ್ಟು ಹೊತ್ತು ಹಾರಿತು ಎಂದು ನೋಡಲು ಫ್ಲೈಟ್‌ರಾಡಾರ್24 ಅಥವಾ ಫ್ಲೈಟ್‌ಅವೇರ್ ಬೇಕಾಗುತ್ತದೆ. ಜೊತೆಗೆ ಒಂದು ಕಾಗದ, ಒಂದು ಪೆನ್ನು. ಮನೆಯಲ್ಲಿ ಮಕ್ಕಳ ಗ್ಲೋಬ್ ಇದ್ದರೆ ಅದನ್ನೂ ತನ್ನಿ, ತುಂಬಾ ಉಪಯೋಗಕ್ಕೆ ಬರುತ್ತದೆ.

ಹಂತ 1: ಊರಲ್ಲ, ವಿಮಾನ ನಿಲ್ದಾಣ ಹಿಡಿಯಿರಿ

ವಿಮಾನ ಹೊರಡುವುದು ಮೆಜೆಸ್ಟಿಕ್‌ನಿಂದಲ್ಲ, ದೇವನಹಳ್ಳಿಯಿಂದ. ಹಾಗಾಗಿ ಊರಿನ ಹೆಸರು ಟೈಪ್ ಮಾಡಬೇಡಿ, ನಿಲ್ದಾಣದ ಮೂರಕ್ಷರದ ಕೋಡ್ ಬಳಸಿ. ಬೆಂಗಳೂರಿಗೆ ಬಿಎಲ್‌ಆರ್, ಸ್ಯಾನ್ ಫ್ರಾನ್ಸಿಸ್ಕೋಗೆ ಎಸ್‌ಎಫ್‌ಓ.

ಕೋಡ್ ಯಾಕೆ ಮುಖ್ಯ ಅಂದರೆ ಒಂದೇ ಹೆಸರಿನ ಊರುಗಳು ಹಲವಿವೆ. ಕ್ಯಾಲಿಫೋರ್ನಿಯಾದ ಸ್ಯಾನ್ ಹೋಸೆಯ ಕೋಡ್ ಎಸ್‌ಜೆಸಿ. ಮಧ್ಯ ಅಮೆರಿಕದ ಕೋಸ್ಟರಿಕಾ ದೇಶದ ರಾಜಧಾನಿಯ ಹೆಸರೂ ಸ್ಯಾನ್ ಹೋಸೆ, ಅದರ ಕೋಡ್ ಎಸ್‌ಜೆಓ. ಒಂದಕ್ಷರ ತಪ್ಪಿದರೆ ದೇಶವೇ ಬೇರೆ. ಟಿಕೆಟ್ ಹುಡುಕುವಾಗಲೂ ಇದನ್ನು ಗಮನಿಸಿ.

ಈಗ ಎರಡೂ ನಿಲ್ದಾಣಗಳ ಅಕ್ಷಾಂಶ, ರೇಖಾಂಶ ಬರೆದುಕೊಳ್ಳಿ. ಗೂಗಲ್ ಮ್ಯಾಪ್ಸ್‌ನಲ್ಲಿ ನಿಲ್ದಾಣದ ಮೇಲೆ ಒತ್ತಿ ಹಿಡಿದರೆ ಸಿಗುತ್ತದೆ.

ಬೆಂಗಳೂರು: 13.2 ಉತ್ತರ, 77.7 ಪೂರ್ವ
ಸ್ಯಾನ್ ಫ್ರಾನ್ಸಿಸ್ಕೋ: 37.6 ಉತ್ತರ, 122.4 ಪಶ್ಚಿಮ

ಪಶ್ಚಿಮ ರೇಖಾಂಶಕ್ಕೆ ಮುಂದೆ ಮೈನಸ್ ಹಾಕಲೇಬೇಕು: −122.4. ಈ ಮೈನಸ್ ಮರೆತವರ ಲೆಕ್ಕದಲ್ಲಿ ದೂರ ಸುಮಾರು 5,200 ಕಿ.ಮೀ. ಬರುತ್ತದೆ. ಯಾಕೆಂದರೆ 122.4 ಪೂರ್ವ ಅಂದರೆ ಚೀನಾದ ಶಾಂಡಾಂಗ್ ಪ್ರಾಂತ್ಯದ ವೇಹಾಯ್ ಊರಿನ ಪಕ್ಕದ ಸಮುದ್ರ. ಅಮೆರಿಕಕ್ಕೆ ಐದು ಸಾವಿರ ಚಿಲ್ಲರೆ ಕಿ.ಮೀ. ಬಂದರೆ ಮೊದಲು ಮೈನಸ್ ಹುಡುಕಿ.

ಹಂತ 2: ಭೂಮಿ ಗುಂಡಗಿದೆ ಎಂದು ಲೆಕ್ಕದಲ್ಲೂ ನೆನಪಿಡಿ

ಗೋಡೆಯ ನಕ್ಷೆಯ ಮೇಲೆ ಸ್ಕೇಲ್ ಇಟ್ಟು ಅಳೆಯುವುದು ಅತಿ ಸಾಮಾನ್ಯ ತಪ್ಪು. ಚಪ್ಪಟೆ ನಕ್ಷೆ ಉತ್ತರದ ಜಾಗಗಳನ್ನು ಹಿಗ್ಗಿಸಿ ತೋರಿಸುತ್ತದೆ. ಅಲ್ಲಿ ನೇರವಾಗಿ ಕಾಣುವ ಗೆರೆ ನಿಜವಾಗಿ ಸುತ್ತುದಾರಿ. ನಿಜವಾದ ಹತ್ತಿರದ ದಾರಿ ನಕ್ಷೆಯಲ್ಲಿ ಬಿಲ್ಲಿನಂತೆ ಬಾಗಿ ಕಾಣುತ್ತದೆ. ಇದಕ್ಕೆ ಗ್ರೇಟ್ ಸರ್ಕಲ್ ದೂರ ಎನ್ನುತ್ತಾರೆ.

ಗ್ಲೋಬ್ ಇದ್ದರೆ ಒಂದು ದಾರ ತೆಗೆದುಕೊಳ್ಳಿ. ಒಂದು ತುದಿ ಬೆಂಗಳೂರಿನ ಮೇಲೆ, ಇನ್ನೊಂದು ಸ್ಯಾನ್ ಫ್ರಾನ್ಸಿಸ್ಕೋ ಮೇಲೆ ಇಟ್ಟು ಬಿಗಿಯಾಗಿ ಎಳೆಯಿರಿ. ದಾರ ಪೆಸಿಫಿಕ್ ಸಾಗರದ ನಟ್ಟನಡುವೆ ಹೋಗುವುದಿಲ್ಲ. ಅದು ನೇಪಾಳ, ಟಿಬೆಟ್, ಮಂಗೋಲಿಯಾದ ಪಶ್ಚಿಮ ಭಾಗ ದಾಟಿ ಸೈಬೀರಿಯಾಗೆ ಏರುತ್ತದೆ. ಸುಮಾರು 71 ಡಿಗ್ರಿ ಉತ್ತರದವರೆಗೆ ಹೋಗಿ, ಅಲಾಸ್ಕಾ ಮೇಲಿಂದ ಕೆಳಗಿಳಿಯುತ್ತದೆ. ಒಮ್ಮೆ ಇದನ್ನು ಕಣ್ಣಾರೆ ನೋಡಿದರೆ ಮುಂದಿನ ಹಂತಗಳು ಸಲೀಸು.

ಗ್ಲೋಬಿನ ವ್ಯಾಸ 30 ಸೆಂ.ಮೀ. ಇದ್ದರೆ ಅದರ ಮೇಲಿನ 1 ಸೆಂ.ಮೀ. ಅಂದರೆ ಭೂಮಿಯ ಮೇಲೆ ಸುಮಾರು 425 ಕಿ.ಮೀ. ದಾರ 33 ಸೆಂ.ಮೀ. ಆಸುಪಾಸು ಬರಬೇಕು. ಹಾಗಾದರೆ ದೂರ ಸುಮಾರು 14,000 ಕಿ.ಮೀ.

ಹಂತ 3: ಸೂತ್ರದಿಂದ ದೂರ ತೆಗೆಯಿರಿ

ಮ್ಯಾಪ್‌ನಲ್ಲಿ ಅಳೆಯುವ ಸೌಲಭ್ಯ ಇರುವಾಗ ಸೂತ್ರ ಯಾಕೆ ಅಂತ ಕೇಳಬಹುದು. ಸಾಧನ ಕೊಟ್ಟ ಅಂಕಿ ಸರಿಯೋ ತಪ್ಪೋ ಅಂತ ಗೊತ್ತಾಗಬೇಕಾದರೆ ಒಮ್ಮೆಯಾದರೂ ಕೈಯಿಂದ ಮಾಡಬೇಕು. ಹತ್ತು ನಿಮಿಷದ ಕೆಲಸ.

ಕಾಸ್(ಕೋನ) = ಸೈನ್(ಮೊದಲ ಅಕ್ಷಾಂಶ) × ಸೈನ್(ಎರಡನೇ ಅಕ್ಷಾಂಶ) + ಕಾಸ್(ಮೊದಲ ಅಕ್ಷಾಂಶ) × ಕಾಸ್(ಎರಡನೇ ಅಕ್ಷಾಂಶ) × ಕಾಸ್(ರೇಖಾಂಶಗಳ ವ್ಯತ್ಯಾಸ)

1. ರೇಖಾಂಶಗಳ ವ್ಯತ್ಯಾಸ: 77.7 − (−122.4) = 200.1. ಇದು 180ಕ್ಕಿಂತ ಜಾಸ್ತಿ. ಅಂದರೆ ಭೂಮಿಯ ಇನ್ನೊಂದು ಬದಿಯಿಂದ ಹೋದರೆ ಹತ್ತಿರ. 360ರಿಂದ ಕಳೆಯಿರಿ: 159.9.

2. ಮೊದಲ ಭಾಗ: 0.2284 × 0.6101 = 0.1393.

3. ಎರಡನೇ ಭಾಗ: 0.9736 × 0.7923 × (−0.9391) = −0.7244.

4. ಕೂಡಿಸಿದರೆ −0.5851. ಇದರ ವಿಲೋಮ ಕಾಸ್ (ಕ್ಯಾಲ್ಕುಲೇಟರ್‌ನಲ್ಲಿ cos⁻¹ ಬಟನ್) ತೆಗೆದರೆ 125.8 ಡಿಗ್ರಿ.

5. ಒಂದು ಡಿಗ್ರಿಗೆ 111.2 ಕಿ.ಮೀ. ಹಾಗಾಗಿ 125.8 × 111.2 = ಸುಮಾರು 13,990 ಕಿ.ಮೀ.

ಈಗ ಗೂಗಲ್ ಅರ್ತ್‌ನಲ್ಲಿ ಅಳೆದು ನೋಡಿ. ಹತ್ತಿಪ್ಪತ್ತು ಕಿ.ಮೀ. ವ್ಯತ್ಯಾಸ ಬಂದರೆ ತಲೆ ಕೆಡಿಸಿಕೊಳ್ಳಬೇಡಿ. ಭೂಮಿ ಪೂರ್ತಿ ಗೋಳವಲ್ಲ, ಧ್ರುವಗಳ ಬಳಿ ಸ್ವಲ್ಪ ಚಪ್ಪಟೆ. ಸೂತ್ರ ಅದನ್ನು ಲೆಕ್ಕಕ್ಕೆ ತೆಗೆದುಕೊಳ್ಳುವುದಿಲ್ಲ.

ಇಲ್ಲಿ ಎಡವುವುದು ಎರಡು ಕಡೆ. ಕ್ಯಾಲ್ಕುಲೇಟರ್ ರೇಡಿಯನ್ ಮೋಡ್‌ನಲ್ಲಿದ್ದರೆ ಉತ್ತರ ಎಲ್ಲಿಗೋ ಹೋಗುತ್ತದೆ. ಶುರು ಮಾಡುವ ಮುಂಚೆ ಸೈನ್ 30 ಒತ್ತಿ ನೋಡಿ. 0.5 ಬಂದರೆ ಡಿಗ್ರಿ ಮೋಡ್, ಸರಿ ಇದೆ. −0.988 ಬಂದರೆ ಮೋಡ್ ಬದಲಿಸಿ. ಎಕ್ಸೆಲ್‌ನಲ್ಲಿ ಮಾಡುವವರು ಡಿಗ್ರಿಯನ್ನು ರೇಡಿಯನ್‌ಗೆ ಬದಲಿಸಿಕೊಂಡೇ ಸೈನ್, ಕಾಸ್ ಹಾಕಬೇಕು, ಅದು ಡಿಗ್ರಿ ಅರ್ಥ ಮಾಡಿಕೊಳ್ಳುವುದಿಲ್ಲ.

ಇನ್ನೊಂದು, ಮೈಲಿಯ ಗೊಂದಲ. ಅಮೆರಿಕದವರು ಹೇಳುವ ಮೈಲಿ 1.609 ಕಿ.ಮೀ. ವಿಮಾನಯಾನದವರು ಬಳಸುವ ನಾಟಿಕಲ್ ಮೈಲಿ 1.852 ಕಿ.ಮೀ. ನಮ್ಮ ದೂರ ಮೈಲಿಯಲ್ಲಿ ಸುಮಾರು 8,690, ನಾಟಿಕಲ್ ಮೈಲಿಯಲ್ಲಿ ಸುಮಾರು 7,550. ಮೂರೂ ಒಂದೇ ದೂರ. ಸುಮ್ನೆ ಅಂಕಿ ನೋಡಿ "ಈ ಕಡೆ ಹತ್ತಿರ" ಅಂದುಕೊಳ್ಳಬೇಡಿ.

ಒಂದು ಸುಲಭ ಪರೀಕ್ಷೆ ಇದೆ. ಭೂಮಿಯ ಮೇಲಿನ ಯಾವುದೇ ಎರಡು ಜಾಗಗಳ ನಡುವಿನ ಗ್ರೇಟ್ ಸರ್ಕಲ್ ದೂರ ಸುಮಾರು 20,000 ಕಿ.ಮೀ. ದಾಟಲು ಸಾಧ್ಯವಿಲ್ಲ. ದಾಟಿದರೆ ಎಲ್ಲೋ ತಪ್ಪಾಗಿದೆ.

ಹಂತ 4: ವಿಮಾನ ಹೋಗುವ ದಾರಿ ಬೇರೆ, ಅದನ್ನು ಸೇರಿಸಿ

ಹೆಚ್ಚಿನವರ ಲೆಕ್ಕ ಹಂತ 3ಕ್ಕೇ ನಿಲ್ಲುತ್ತದೆ. ತಪ್ಪುವುದೂ ಅಲ್ಲೇ. 13,990 ಕಿ.ಮೀ. ಅನ್ನುವುದು ದಾರ ಎಳೆದ ದೂರ. ವಿಮಾನ ಆ ದಾರದ ಮೇಲೆಯೇ ಹೋಗುವುದಿಲ್ಲ. ಅದಕ್ಕೆ ಗಟ್ಟಿ ಕಾರಣಗಳಿವೆ.

ಮೊದಲನೆಯದು ಟಿಬೆಟ್. ವಿಮಾನದೊಳಗಿನ ಗಾಳಿಯ ಒತ್ತಡ ಹಠಾತ್ತನೆ ಇಳಿದರೆ ಪೈಲಟ್ ಬೇಗ ಸುಮಾರು 10,000 ಅಡಿಗೆ, ಅಂದರೆ 3 ಕಿ.ಮೀ. ಎತ್ತರಕ್ಕೆ ಇಳಿಸಬೇಕು. ಆ ಎತ್ತರದಲ್ಲಿ ಜನ ಮಾಸ್ಕ್ ಇಲ್ಲದೆ ಉಸಿರಾಡಬಹುದು. ಆದರೆ ಟಿಬೆಟ್‌ನ ನೆಲವೇ ಹೆಚ್ಚು ಕಡೆ 4 ಕಿ.ಮೀ.ಗಿಂತ ಎತ್ತರ. ಇಳಿಯಲು ಜಾಗವಿಲ್ಲ. ಪ್ರಯಾಣಿಕರ ಮಾಸ್ಕ್‌ನ ಆಮ್ಲಜನಕ ಬರುವುದೂ ಕೆಲವೇ ನಿಮಿಷ. ಹಾಗಾಗಿ ವಿಮಾನಗಳು ಸಾಧ್ಯವಾದಷ್ಟು ಆ ಭಾಗವನ್ನು ತಪ್ಪಿಸಿ ಹೋಗುತ್ತವೆ.

ಎರಡನೆಯದು ಮುಚ್ಚಿದ ಆಕಾಶ. 2022ರ ಫೆಬ್ರುವರಿಯಲ್ಲಿ ಉಕ್ರೇನ್ ಯುದ್ಧ ಶುರುವಾದ ಮೇಲೆ ಅಮೆರಿಕ ಮತ್ತು ಯುರೋಪಿನ ಹೆಚ್ಚಿನ ವಿಮಾನಗಳಿಗೆ ರಷ್ಯಾದ ಆಕಾಶ ಮುಚ್ಚಿತು. ಭಾರತದ ವಿಮಾನಗಳಿಗೆ ಅದು ತೆರೆದೇ ಇತ್ತು. 2023ರ ಜೂನ್‌ನಲ್ಲಿ ದೆಹಲಿಯಿಂದ ಸ್ಯಾನ್ ಫ್ರಾನ್ಸಿಸ್ಕೋಗೆ ಹೊರಟ ಏರ್ ಇಂಡಿಯಾ ವಿಮಾನ ಎಂಜಿನ್ ತೊಂದರೆಯಿಂದ ಇಳಿದದ್ದು ರಷ್ಯಾದ ಪೂರ್ವ ತುದಿಯ ಮಗದಾನ್‌ನಲ್ಲಿ. ದಾರಿ ಎಲ್ಲಿಂದ ಹೋಗುತ್ತದೆ ಅನ್ನುವುದು ಇದರಿಂದಲೇ ಗೊತ್ತಾಗುತ್ತದೆ. 2025ರ ಏಪ್ರಿಲ್‌ನಲ್ಲಿ ಪಾಕಿಸ್ತಾನ ತನ್ನ ಆಕಾಶವನ್ನು ಭಾರತೀಯ ವಿಮಾನಗಳಿಗೆ ಮುಚ್ಚಿದಾಗ ದೆಹಲಿಯಿಂದ ಪಶ್ಚಿಮಕ್ಕೆ ಹೋಗುವ ವಿಮಾನಗಳ ಸಮಯ ಏರಿತು. ಊರು ಎರಡೂ ಅವೇ, ವಿಮಾನ ಕಂಪನಿ ಯಾವ ದೇಶದ್ದು ಅನ್ನುವುದರ ಮೇಲೆ ಗಂಟೆ ಬದಲಾಗಬಹುದು.

ಮೂರನೆಯದು ಗಾಳಿ. ಅದು ಮುಂದಿನ ಹಂತಕ್ಕೆ.

ಲೆಕ್ಕಕ್ಕೆ ಏನು ಮಾಡುವುದು? ಹತ್ತು ಸಾವಿರ ಕಿ.ಮೀ. ಮೇಲಿನ ಪಯಣಕ್ಕೆ ನಾನು ಗ್ರೇಟ್ ಸರ್ಕಲ್ ದೂರಕ್ಕೆ ಶೇ 5 ಸೇರಿಸುತ್ತೇನೆ. 13,990ಕ್ಕೆ ಶೇ 5 ಅಂದರೆ ಸುಮಾರು 700. ಒಟ್ಟು 14,690 ಕಿ.ಮೀ. ಇದು ಅಂದಾಜು. ಕೆಲವು ದಿನ ಇದಕ್ಕಿಂತ ಕಡಿಮೆ, ಕೆಲವು ದಿನ ಜಾಸ್ತಿ ಹಾರುತ್ತಾರೆ. ಆದರೆ ಏನೂ ಸೇರಿಸದೆ ಇರುವುದಕ್ಕಿಂತ ಇದು ನಿಜಕ್ಕೆ ಹತ್ತಿರ.

ಹಂತ 5: ಗಾಳಿಯ ದಿಕ್ಕು ನೋಡಿ, ಆಮೇಲೆ ಭಾಗಿಸಿ

ದೊಡ್ಡ ವಿಮಾನಗಳು ಶಬ್ದದ ವೇಗದ ಸುಮಾರು ಶೇ 84ರಷ್ಟು ವೇಗದಲ್ಲಿ ಹಾರುತ್ತವೆ. ಆ ಎತ್ತರದ ಚಳಿಯಲ್ಲಿ ಅದು ಗಂಟೆಗೆ ಸುಮಾರು 900 ಕಿ.ಮೀ. ಆದರೆ ಇದು ಗಾಳಿಯೊಳಗಿನ ವೇಗ. ನೆಲದ ಲೆಕ್ಕದಲ್ಲಿ ಎಷ್ಟು ಮುಂದೆ ಹೋಯಿತು ಅನ್ನುವುದು ಗಾಳಿ ಯಾವ ಕಡೆ ಬೀಸುತ್ತಿದೆ ಅನ್ನುವುದರ ಮೇಲೆ ನಿಂತಿದೆ.

ಹತ್ತು ಕಿ.ಮೀ. ಎತ್ತರದಲ್ಲಿ, ಭೂಮಿಯ ಉತ್ತರ ಭಾಗದಲ್ಲಿ, ಜೆಟ್ ಸ್ಟ್ರೀಮ್ ಎಂಬ ಬಿರುಗಾಳಿ ಪಶ್ಚಿಮದಿಂದ ಪೂರ್ವಕ್ಕೆ ಬೀಸುತ್ತದೆ. ಚಳಿಗಾಲದಲ್ಲಿ ಅದರ ಅಬ್ಬರ ಜಾಸ್ತಿ. ಜಪಾನ್ ಸುತ್ತಮುತ್ತ ಗಂಟೆಗೆ 200 ಕಿ.ಮೀ. ದಾಟುವುದು ಸಾಮಾನ್ಯ. ಬೆಂಗಳೂರಿನಿಂದ ಪೂರ್ವಕ್ಕೆ, ಪೆಸಿಫಿಕ್ ಮೇಲೆ ಹೋದರೆ ಈ ಗಾಳಿ ಹಿಂದಿನಿಂದ ತಳ್ಳುತ್ತದೆ. ವಾಪಸ್ ಅದೇ ದಾರಿಯಲ್ಲಿ ಬಂದರೆ ಎದುರಿನಿಂದ ತಡೆಯುತ್ತದೆ.

ಗಾಳಿಗಾಗಿ ದಾರಿಯನ್ನೇ ಬದಲಿಸಿದ ನಿಜವಾದ ಉದಾಹರಣೆ ಇದೆ. ದೆಹಲಿ–ಸ್ಯಾನ್ ಫ್ರಾನ್ಸಿಸ್ಕೋ ಏರ್ ಇಂಡಿಯಾ ವಿಮಾನ ಮೊದಲು ಅಟ್ಲಾಂಟಿಕ್ ಕಡೆಯಿಂದ ಹೋಗುತ್ತಿತ್ತು, ದೂರ ಸುಮಾರು 13,900 ಕಿ.ಮೀ. 2016ರ ಅಕ್ಟೋಬರ್‌ನಲ್ಲಿ ಪೆಸಿಫಿಕ್ ಕಡೆಯಿಂದ ಹಾರಿಸಿದರು. ದೂರ 15,300 ಕಿ.ಮೀ.ಗೆ ಏರಿತು. ಆದರೂ ಪಯಣ ಹದಿನಾಲ್ಕೂವರೆ ಗಂಟೆಯಲ್ಲೇ ಮುಗಿಯಿತು. ಸಾವಿರದ ನಾನೂರು ಕಿ.ಮೀ. ಹೆಚ್ಚು ಹಾರಿಯೂ ಬೇಗ ತಲುಪಿದರು. ದೂರ ಜಾಸ್ತಿ ಆದರೆ ಸಮಯವೂ ಜಾಸ್ತಿ ಎಂದು ನಂಬಿ ಕೂತವರಿಗೆ ಈ ಒಂದು ಉದಾಹರಣೆ ಸಾಕು.

ಈಗ ಭಾಗಾಕಾರ. ಇಡೀ ದಾರಿಯ ಸರಾಸರಿ ತೆಗೆದುಕೊಂಡರೆ ಗಾಳಿಯ ಲಾಭ ನಷ್ಟ ಗಂಟೆಗೆ 40 ಕಿ.ಮೀ. ಎಂದು ಇಟ್ಟುಕೊಳ್ಳಿ. ದಾರಿಯ ಎಲ್ಲ ಕಡೆ ಜೆಟ್ ಸ್ಟ್ರೀಮ್ ಸಿಗುವುದಿಲ್ಲ, ಅದಕ್ಕೇ ಸರಾಸರಿ ಇಷ್ಟು ಕಡಿಮೆ. ಟೇಕಾಫ್, ಏರುವುದು, ಇಳಿಯುವುದು, ರನ್‌ವೇಯಿಂದ ಗೇಟಿಗೆ ಬರುವುದು, ಇವುಗಳಿಗೆ 45 ನಿಮಿಷ ಸೇರಿಸಿ.

ಹೋಗುವಾಗ: 14,690 ÷ 940 = 15.63 ಗಂಟೆ, ಅಂದರೆ 15 ಗಂಟೆ 38 ನಿಮಿಷ. 45 ನಿಮಿಷ ಸೇರಿಸಿದರೆ 16 ಗಂಟೆ 23 ನಿಮಿಷ.

ಬರುವಾಗ: 14,690 ÷ 860 = 17.08 ಗಂಟೆ, ಅಂದರೆ 17 ಗಂಟೆ 5 ನಿಮಿಷ. 45 ನಿಮಿಷ ಸೇರಿಸಿದರೆ 17 ಗಂಟೆ 50 ನಿಮಿಷ.

ಇಲ್ಲಿ ಮತ್ತೆ ಮತ್ತೆ ಆಗುವ ತಪ್ಪೊಂದಿದೆ. 15.63 ಗಂಟೆ ಅಂದರೆ 15 ಗಂಟೆ 63 ನಿಮಿಷ ಅಲ್ಲ. ಚುಕ್ಕೆಯ ನಂತರದ ಭಾಗವನ್ನು 60ರಿಂದ ಗುಣಿಸಬೇಕು: 0.63 × 60 = 38 ನಿಮಿಷ. ದಯವಿಟ್ಟು ಇದನ್ನು ಪ್ರತಿ ಸಲ ಮಾಡಿ.

ಏರ್ ಇಂಡಿಯಾ ಈ ಎರಡು ಊರುಗಳ ನಡುವೆ ನೇರ ವಿಮಾನ ಶುರು ಮಾಡಿದ್ದು 2021ರ ಜನವರಿಯಲ್ಲಿ. ಮೊದಲ ವಿಮಾನ ಸ್ಯಾನ್ ಫ್ರಾನ್ಸಿಸ್ಕೋದಿಂದ ಹೊರಟು ಉತ್ತರ ಧ್ರುವದ ಮೇಲಿಂದ ಬೆಂಗಳೂರಿಗೆ ಬಂತು. ಕಾಕ್‌ಪಿಟ್‌ನಲ್ಲಿದ್ದವರೆಲ್ಲ ಮಹಿಳೆಯರು, ಕ್ಯಾಪ್ಟನ್ ಝೋಯಾ ಅಗರ್ವಾಲ್. ಇಂಥ ಅತಿ ದೂರದ ಸೇವೆಗಳು ನಿಲ್ಲುತ್ತವೆ, ಮತ್ತೆ ಶುರುವಾಗುತ್ತವೆ. ಹಳೆಯ ಸ್ಕ್ರೀನ್‌ಶಾಟ್ ನಂಬಬೇಡಿ. ನೀವು ಹೊರಡುವ ತಿಂಗಳಲ್ಲಿ ನೇರ ವಿಮಾನ ಇದೆಯೇ ಎಂದು ಬುಕ್ ಮಾಡುವ ದಿನವೇ ನೋಡಿ.

ಹಂತ 6: ಗಡಿಯಾರವನ್ನು ಯುಟಿಸಿಗೆ ತನ್ನಿ

ಟಿಕೆಟ್‌ನಲ್ಲಿರುವ ಹೊರಡುವ ಸಮಯ ಬೆಂಗಳೂರಿನದು, ತಲುಪುವ ಸಮಯ ಸ್ಯಾನ್ ಫ್ರಾನ್ಸಿಸ್ಕೋದ್ದು. ಎರಡು ಬೇರೆ ಗಡಿಯಾರಗಳ ಸಮಯವನ್ನು ನೇರವಾಗಿ ಕಳೆಯಬಾರದು. ಎರಡನ್ನೂ ಮೊದಲು ಒಂದೇ ಗಡಿಯಾರಕ್ಕೆ ತರಬೇಕು. ಅದಕ್ಕೆ ಯುಟಿಸಿ, ಅಂದರೆ ಇಡೀ ಜಗತ್ತು ಒಪ್ಪಿಕೊಂಡ ಒಂದೇ ಪ್ರಮಾಣ ಸಮಯ, ಇದೆ.

ಭಾರತ ಯುಟಿಸಿಗಿಂತ 5 ಗಂಟೆ 30 ನಿಮಿಷ ಮುಂದೆ, ವರ್ಷಪೂರ್ತಿ. ಸ್ಯಾನ್ ಫ್ರಾನ್ಸಿಸ್ಕೋ ಚಳಿಗಾಲದಲ್ಲಿ ಯುಟಿಸಿಗಿಂತ 8 ಗಂಟೆ ಹಿಂದೆ, ಬೇಸಿಗೆಯಲ್ಲಿ 7 ಗಂಟೆ ಹಿಂದೆ. ಅಲ್ಲಿ ಮಾರ್ಚ್‌ನ ಎರಡನೇ ಭಾನುವಾರ ಗಡಿಯಾರವನ್ನು ಒಂದು ಗಂಟೆ ಮುಂದೆ ಇಡುತ್ತಾರೆ, ನವೆಂಬರ್‌ನ ಮೊದಲ ಭಾನುವಾರ ಹಿಂದಕ್ಕೆ ತರುತ್ತಾರೆ. ಹಾಗಾಗಿ ನಮಗೂ ಅವರಿಗೂ ಅಂತರ ಬೇಸಿಗೆಯಲ್ಲಿ 12 ಗಂಟೆ 30 ನಿಮಿಷ, ಚಳಿಗಾಲದಲ್ಲಿ 13 ಗಂಟೆ 30 ನಿಮಿಷ.

ಮೊದಲಿನ ಉದಾಹರಣೆಯನ್ನೇ ಜುಲೈ 10ಕ್ಕೆ ಇಟ್ಟು ಮಾಡೋಣ.

1. ಬೆಂಗಳೂರಿನಿಂದ ಹೊರಡುವುದು ಮಧ್ಯಾಹ್ನ 2:00. ಐದೂವರೆ ಗಂಟೆ ಕಳೆಯಿರಿ. ಯುಟಿಸಿಯಲ್ಲಿ ಜುಲೈ 10, ಬೆಳಿಗ್ಗೆ 8:30.

2. ತಲುಪುವುದು ಅದೇ ದಿನ ಸಂಜೆ 5:30. ಜುಲೈ ಆದ್ದರಿಂದ 7 ಗಂಟೆ ಕೂಡಿಸಿ. ಯುಟಿಸಿಯಲ್ಲಿ ಜುಲೈ 11, ರಾತ್ರಿ 12:30.

3. ಬೆಳಿಗ್ಗೆ 8:30ರಿಂದ ಮಧ್ಯರಾತ್ರಿ ಕಳೆದು 12:30ರವರೆಗೆ: 16 ಗಂಟೆ.

ವಾಪಸ್ ಬರುವುದನ್ನೂ ನೋಡಿ. ಸ್ಯಾನ್ ಫ್ರಾನ್ಸಿಸ್ಕೋದಿಂದ ಜುಲೈ 10 ರಾತ್ರಿ 8:30, ಅಂದರೆ ಯುಟಿಸಿಯಲ್ಲಿ ಜುಲೈ 11 ನಸುಕಿನ 3:30. ಬೆಂಗಳೂರು ತಲುಪುವುದು ಜುಲೈ 12 ನಸುಕಿನ 2:30, ಅಂದರೆ ಯುಟಿಸಿಯಲ್ಲಿ ಜುಲೈ 11 ರಾತ್ರಿ 9:00. ನಡುವೆ 17 ಗಂಟೆ 30 ನಿಮಿಷ. ಹಂತ 5ರ ಅಂದಾಜಿಗೆ ಎರಡೂ ಅರ್ಧ ಗಂಟೆಯೊಳಗೆ ಹೊಂದಿದವು, ಅಲ್ವಾ?

ಟಿಕೆಟ್‌ನ ಸಮಯ ಗೇಟಿನಿಂದ ಗೇಟಿಗೆ ಲೆಕ್ಕ. ರನ್‌ವೇಯಲ್ಲಿ ಕಾಯುವುದನ್ನೂ ಕಂಪನಿಗಳು ಅದರಲ್ಲಿ ಸೇರಿಸಿರುತ್ತವೆ. ಹಾಗಾಗಿ ಫ್ಲೈಟ್‌ರಾಡಾರ್24ನಲ್ಲಿ ಕಾಣುವ ಹಾರಾಟದ ಸಮಯ ಟಿಕೆಟ್‌ಗಿಂತ ಕಡಿಮೆ ಇದ್ದರೆ ಗಾಬರಿ ಬೇಡ.

ಈ ಹಂತದಲ್ಲಿ ಆಗುವ ಅತಿ ದುಬಾರಿ ತಪ್ಪು ಮಧ್ಯರಾತ್ರಿಯದ್ದು. ಬೆಂಗಳೂರಿನಿಂದ ಗಲ್ಫ್, ಯುರೋಪ್ ಕಡೆಯ ಹಲವು ವಿಮಾನಗಳು ರಾತ್ರಿ 1ರಿಂದ 4ರ ನಡುವೆ ಹೊರಡುತ್ತವೆ. ಟಿಕೆಟ್‌ನಲ್ಲಿ "ಜುಲೈ 11, 02:10" ಅಂತ ಇದ್ದರೆ ನೀವು ಮನೆ ಬಿಡಬೇಕಾದದ್ದು ಜುಲೈ 10ರ ಸಂಜೆ. 11ರ ರಾತ್ರಿ ಹೋದರೆ ವಿಮಾನ ಹೋಗಿ ಒಂದು ದಿನವಾಗಿರುತ್ತದೆ. ಕ್ಯಾಲೆಂಡರ್‌ನಲ್ಲಿ ಗುರುತು ಹಾಕುವಾಗ ಹಿಂದಿನ ದಿನದ ಚೌಕದಲ್ಲಿ "ಇವತ್ತು ರಾತ್ರಿ ಹೊರಡುವುದು" ಎಂದು ಬರೆಯಿರಿ. ತಲುಪುವ ಸಮಯದ ಪಕ್ಕ ಸಣ್ಣಗೆ +1 ಅಥವಾ +2 ಇದ್ದರೆ ಅದು ಮರುದಿನ, ಅದರ ಮರುದಿನ ಎಂದರ್ಥ. ಕರೆದುಕೊಂಡು ಹೋಗಲು ಬರುವವರಿಗೆ ತಾರೀಖು, ವಾರ ಎರಡನ್ನೂ ಹೇಳಿ.

ಹಂತ 7: ನಡುವೆ ಇಳಿದು ಹೋಗುವುದಾದರೆ ತುಂಡು ತುಂಡಾಗಿ ಲೆಕ್ಕ ಹಾಕಿ

ನೇರ ವಿಮಾನ ಇಲ್ಲದಿದ್ದರೆ, ಅಥವಾ ಟಿಕೆಟ್ ದುಬಾರಿ ಆದರೆ, ದುಬೈ, ಫ್ರಾಂಕ್‌ಫರ್ಟ್, ಸಿಂಗಪುರದಂಥ ಕಡೆ ಇಳಿದು ಹತ್ತಬೇಕು. ದೂರ ಹೀಗೆ ಬರುತ್ತದೆ.

ದುಬೈ ಮೂಲಕ: 2,700 + 13,020 = ಸುಮಾರು 15,700 ಕಿ.ಮೀ.
ಫ್ರಾಂಕ್‌ಫರ್ಟ್ ಮೂಲಕ: 7,400 + 9,150 = ಸುಮಾರು 16,550 ಕಿ.ಮೀ.
ಸಿಂಗಪುರ ಮೂಲಕ: 3,180 + 13,590 = ಸುಮಾರು 16,770 ಕಿ.ಮೀ.

ಇವು ಗ್ರೇಟ್ ಸರ್ಕಲ್ ದೂರಗಳು. ದೂರದಲ್ಲಿ ಮೂರಕ್ಕೂ ಅಷ್ಟೇನೂ ವ್ಯತ್ಯಾಸವಿಲ್ಲ. ಒಟ್ಟು ಸಮಯವನ್ನು ನಿರ್ಧರಿಸುವುದು ನಡುವೆ ಕಾಯುವ ಹೊತ್ತು. ಹಾಗಾಗಿ ಕಿಲೋಮೀಟರ್ ಹೋಲಿಸಿ ಟಿಕೆಟ್ ಆರಿಸಬೇಡಿ. ವಯಸ್ಸಾದವರಿಗೆ ನನ್ನ ಸಲಹೆ: ಎರಡು ತುಂಡುಗಳೂ ಹೆಚ್ಚುಕಮ್ಮಿ ಸಮ ಇರುವ ದಾರಿ ಒಳ್ಳೆಯದು. ಫ್ರಾಂಕ್‌ಫರ್ಟ್ ದಾರಿಯಲ್ಲಿ ಸುಮಾರು ಒಂಬತ್ತು, ಹನ್ನೊಂದು ಗಂಟೆಯ ಎರಡು ಪಯಣ. ದುಬೈ ದಾರಿಯಲ್ಲಿ ನಾಲ್ಕು ಗಂಟೆ ಆದಮೇಲೆ ಹದಿನಾರು ಗಂಟೆ ಒಂದೇ ಕಡೆ ಕೂರಬೇಕು. ಮಂಡಿ ನೋವಿರುವವರಿಗೆ ಈ ವ್ಯತ್ಯಾಸ ಸಣ್ಣದಲ್ಲ.

ಕಾಯುವ ಹೊತ್ತು ಎರಡು ಗಂಟೆಗಿಂತ ಕಡಿಮೆ ಇದ್ದರೆ ಅದನ್ನು ಎಚ್ಚರಿಕೆಯ ಗಂಟೆ ಎಂದುಕೊಳ್ಳಿ. ಮೊದಲ ವಿಮಾನ ಮುಕ್ಕಾಲು ಗಂಟೆ ತಡವಾದರೂ ಎರಡನೆಯದು ಕೈತಪ್ಪಬಹುದು. ವೀಲ್‌ಚೇರ್ ಬೇಕಾದವರಿಗೆ ಮೂರು ಗಂಟೆ ಇರಲಿ.

ಎರಡು ಬೇರೆ ಬೇರೆ ಟಿಕೆಟ್ ಜೋಡಿಸಿ ಅಗ್ಗವಾಗಿ ಹೋಗುವ ಯೋಚನೆ ಇದ್ದರೆ ತುಂಬಾ ಎಚ್ಚರ. ನಡುವಿನ ಊರಿನಲ್ಲಿ ಲಗೇಜ್ ತೆಗೆದುಕೊಂಡು ಮತ್ತೆ ಚೆಕ್-ಇನ್ ಮಾಡಬೇಕಾಗಬಹುದು, ಅದಕ್ಕೆ ಆ ದೇಶದ ವೀಸಾ ಬೇಕಾಗಬಹುದು. ಮೊದಲ ವಿಮಾನ ತಡವಾಗಿ ಎರಡನೆಯದು ತಪ್ಪಿದರೆ ಆ ಎರಡನೇ ಕಂಪನಿಯ ಹೊಣೆ ಇರುವುದಿಲ್ಲ. ಒಂದೇ ಬುಕಿಂಗ್ ನಂಬರ್‌ನಲ್ಲಿ ಎರಡೂ ವಿಮಾನ ಇವೆಯೇ ಎಂದು ನೋಡಿಯೇ ದುಡ್ಡು ಕಟ್ಟಿ.

ಹಂತ 8: ಮನೆ ಬಾಗಿಲಿನಿಂದ ಮನೆ ಬಾಗಿಲಿಗೆ

ಕೆಂಪೇಗೌಡ ನಿಲ್ದಾಣ ಮೆಜೆಸ್ಟಿಕ್‌ನಿಂದ 35 ಕಿ.ಮೀ. ಆಸುಪಾಸು. ಖಾಲಿ ರಸ್ತೆಯಲ್ಲಿ ಒಂದು ಗಂಟೆ ಸಾಕು, ಸಂಜೆ ಹೆಬ್ಬಾಳದ ಟ್ರಾಫಿಕ್‌ನಲ್ಲಿ ಎರಡು ಗಂಟೆಯೂ ಆಗಬಹುದು. ವಾಯುವಜ್ರ ಬಸ್‌ನಲ್ಲಿ ಹೋಗುವವರು ಇನ್ನಷ್ಟು ಮುಂಚೆ ಹೊರಡಿ. 2023ರ ಸೆಪ್ಟೆಂಬರ್‌ನಿಂದ ಅಂತರರಾಷ್ಟ್ರೀಯ ವಿಮಾನಗಳು ಟರ್ಮಿನಲ್ 2ರಿಂದ ಹೊರಡುತ್ತವೆ. ಕ್ಯಾಬ್ ಬುಕ್ ಮಾಡುವಾಗ ಟರ್ಮಿನಲ್ ಸರಿಯಾಗಿ ಆರಿಸಿ. ವಿಮಾನ ಹೊರಡುವ ಮೂರು ಗಂಟೆ ಮುಂಚೆ ಅಲ್ಲಿರಬೇಕು.

ಅಮೆರಿಕದಲ್ಲಿ ಮೊದಲು ಇಳಿಯುವ ಊರಿನಲ್ಲೇ ಇಮಿಗ್ರೇಷನ್ ಆಗುತ್ತದೆ. ಅಲ್ಲಿಂದ ಇನ್ನೊಂದು ಒಳನಾಡು ವಿಮಾನ ಹತ್ತುವವರೂ ಸಾಮಾನ್ಯವಾಗಿ ಲಗೇಜ್ ತೆಗೆದುಕೊಂಡು ಮತ್ತೆ ಕೊಡಬೇಕು. ಸಾಲಿಗೆ ಒಂದರಿಂದ ಎರಡು ಗಂಟೆ ಇಟ್ಟುಕೊಳ್ಳಿ. ಅಬುಧಾಬಿ ಇದಕ್ಕೆ ಹೊರತು. ಅಲ್ಲಿ ಎತಿಹಾದ್ ವಿಮಾನ ಹತ್ತುವ ಮುಂಚೆಯೇ ಅಮೆರಿಕದ ಇಮಿಗ್ರೇಷನ್ ಮುಗಿಸಬಹುದು. ಹಾಗಾಗಿ ಅಲ್ಲಿ ಕಾಯುವ ಹೊತ್ತು ಜಾಸ್ತಿ ಇರಬೇಕು.

ಸ್ಯಾನ್ ಫ್ರಾನ್ಸಿಸ್ಕೋ ನಗರಕ್ಕೆ ನಿಲ್ದಾಣದಿಂದ ಬಾರ್ಟ್ ರೈಲಿನಲ್ಲಿ ಅರ್ಧ ಗಂಟೆ. ನಮ್ಮವರು ಹೆಚ್ಚಾಗಿ ಇರುವ ಸನ್ನಿವೇಲ್ ಸುಮಾರು 40 ಕಿ.ಮೀ. ದೂರ, ಸಂಜೆಯ ಟ್ರಾಫಿಕ್‌ನಲ್ಲಿ ಕಾರಿಗೆ ಒಂದು ಗಂಟೆ ಬೇಕು.

ಜಯನಗರದ ಮನೆಯಿಂದ ಸನ್ನಿವೇಲ್‌ನ ಮನೆಗೆ, ನೇರ ವಿಮಾನದಲ್ಲಿ: ರಸ್ತೆಗೆ 2, ನಿಲ್ದಾಣದಲ್ಲಿ 3, ವಿಮಾನದಲ್ಲಿ 16ರಿಂದ 16 ಗಂಟೆ 30 ನಿಮಿಷ, ಇಮಿಗ್ರೇಷನ್ ಮತ್ತು ಲಗೇಜ್‌ಗೆ 1 ಗಂಟೆ 30 ನಿಮಿಷ, ಕಾರಿಗೆ 1. ಒಟ್ಟು ಸುಮಾರು 24 ಗಂಟೆ. ನಡುವೆ ಒಂದು ಕಡೆ ಇಳಿದು ಹತ್ತುವುದಾದರೆ 29ರಿಂದ 34 ಗಂಟೆ.

ಬಿಪಿ, ಸಕ್ಕರೆ ಕಾಯಿಲೆಯ ಮಾತ್ರೆ ತೆಗೆದುಕೊಳ್ಳುವವರು ಈ ಒಟ್ಟು ಗಂಟೆಗಳನ್ನು ಬರೆದುಕೊಂಡು ಹೊರಡುವ ಮುಂಚೆ ಡಾಕ್ಟರಿಗೆ ತೋರಿಸಿ. ಯಾವ ಮಾತ್ರೆ ಯಾವ ಹೊತ್ತಿಗೆ ಎಂದು ಕೇಳಿ ಬರೆಸಿಕೊಳ್ಳಿ, ಮುಖ್ಯವಾಗಿ ಇನ್ಸುಲಿನ್ ತೆಗೆದುಕೊಳ್ಳುವವರು. "ರಾತ್ರಿ ಊಟದ ನಂತರ" ಅನ್ನುವ ಸೂಚನೆ ವಿಮಾನದಲ್ಲಿ ಕೆಲಸಕ್ಕೆ ಬರುವುದಿಲ್ಲ. ಮಾತ್ರೆಗಳು ಕೈಚೀಲದಲ್ಲೇ ಇರಲಿ.

ಲೆಕ್ಕ ತಪ್ಪಿದೆ ಎಂದು ಹೇಳುವ ಗುರುತುಗಳು

ಹೋಗುವ, ಬರುವ ಸಮಯ ನಿಮಿಷಕ್ಕೆ ನಿಮಿಷ ಒಂದೇ ಬಂದಿದ್ದರೆ ನೀವು ಗಾಳಿಯನ್ನು ಬಿಟ್ಟಿದ್ದೀರಿ.

ಯುಟಿಸಿಯಿಂದ ತೆಗೆದ ಸಮಯಕ್ಕೂ ಹಂತ 5ರ ಅಂದಾಜಿಗೂ ಸರಿಯಾಗಿ ಒಂದು ಗಂಟೆಯ ವ್ಯತ್ಯಾಸ ಇದ್ದರೆ ಮೊದಲು ಬೇಸಿಗೆ–ಚಳಿಗಾಲದ ಗಡಿಯಾರ ನೋಡಿ. ಅರ್ಧ ಗಂಟೆಯ ವ್ಯತ್ಯಾಸ ಬಂದರೆ ಭಾರತದ ಐದೂವರೆಯನ್ನು ಐದು ಅಥವಾ ಆರು ಮಾಡಿರಬಹುದು. ಹನ್ನೆರಡು ಗಂಟೆ ಆಚೀಚೆ ಆದರೆ ಬೆಳಿಗ್ಗೆ–ರಾತ್ರಿ ಅದಲುಬದಲಾಗಿದೆ. ಪೂರ್ತಿ 24 ಗಂಟೆ ತಪ್ಪಿದರೆ ತಾರೀಖು.

ನೇರ ವಿಮಾನದ ಸಮಯ 20 ಗಂಟೆ ದಾಟಿದೆಯೇ? ನಡುವೆ ಇಂಧನ ತುಂಬಲು ಎಲ್ಲಾದರೂ ನಿಲ್ಲುತ್ತದೆಯೇ ಎಂದು ಟಿಕೆಟ್‌ನ ವಿವರ ತೆರೆದು ನೋಡಿ. ವಿಮಾನ ನಂಬರ್ ಒಂದೇ ಇದ್ದು ನಡುವೆ ನಿಲ್ಲುವುದೂ ಉಂಟು.

ಹೊರಡುವ ಹಿಂದಿನ ವಾರ

ಫ್ಲೈಟ್‌ರಾಡಾರ್24ನಲ್ಲಿ ನಿಮ್ಮ ವಿಮಾನದ ನಂಬರ್ ಹಾಕಿ, ಕಳೆದ ಏಳು ದಿನ ಅದು ಎಷ್ಟಕ್ಕೆ ಹೊರಟಿತು, ಎಷ್ಟಕ್ಕೆ ಇಳಿಯಿತು ನೋಡಿ. ಒಂದು ದಿನದ ತಡ ಲೆಕ್ಕಕ್ಕಿಲ್ಲ. ನಾಲ್ಕೈದು ದಿನ ತಡವಾಗಿದ್ದರೆ ನಿಮಗೂ ಆಗಬಹುದು. ನಡುವೆ ಇಳಿದು ಹತ್ತುವವರು ಕಂಪನಿಗೆ ಫೋನ್ ಮಾಡಿ, ಎರಡನೇ ವಿಮಾನ ತಪ್ಪಿದರೆ ಮುಂದಿನದು ಯಾವಾಗ ಎಂದು ಈಗಲೇ ಕೇಳಿಟ್ಟುಕೊಳ್ಳಿ. ಹೊರಡುವ ದಿನ ಅಲ್ಲಿನವರಿಗೆ ವಿಮಾನದ ನಂಬರ್, ಅಲ್ಲಿನ ತಾರೀಖು, ಅಲ್ಲಿನ ಸಮಯ ಮೂರನ್ನೂ ವಾಟ್ಸಾಪ್‌ನಲ್ಲಿ ಬರೆದು ಕಳಿಸಿ. ಅವರು ವಿಮಾನ ಇಳಿದ ಮೇಲೆ ಮನೆಯಿಂದ ಹೊರಟರೂ ಸಾಕು. ನೀವು ಇಮಿಗ್ರೇಷನ್ ಸಾಲು ದಾಟಿ ಲಗೇಜ್ ಹಿಡಿಯುವಷ್ಟರಲ್ಲಿ ಅವರು ಬಂದಿರುತ್ತಾರೆ.